ಹೋಗಲು ಎಂಟು ಗಂಟೆ, ಬರಲು ಏಳೇ ಗಂಟೆ!

ಪ್ರಶ್ನೆ: ಲಂಡನ್‌ನಿಂದ ನ್ಯೂಯಾರ್ಕ್‌ಗೆ ವಿಮಾನದಲ್ಲಿ ಹೋಗಲು ಸುಮಾರು ಎಂಟು ಗಂಟೆ ಬೇಕು, ವಾಪಸ್ ಬರಲು ಏಳು ಗಂಟೆ ಸಾಕು. ದೂರ ಒಂದೇ ಇರುವಾಗ ಹೀಗೇಕೆ? ಭೂಮಿ ತಿರುಗುವುದರಿಂದಲೇ?

ಉತ್ತರ: ನೇರ ಕಾರಣ ಅದಲ್ಲ. ಭೂಮಿಯ ಜೊತೆ ವಾತಾವರಣವೂ ತಿರುಗುವುದರಿಂದ, ವಿಮಾನದ ಕೆಳಗೆ ಭೂಮಿ ಸರಿದುಹೋಗುವುದಿಲ್ಲ. ನಿಜವಾದ ಕಾರಣ ಗಾಳಿ.

ಉಷ್ಣವಲಯ ಬೆಚ್ಚಗಿರುತ್ತದೆ, ಧ್ರುವ ಪ್ರದೇಶ ತಣ್ಣಗಿರುತ್ತದೆ. ಈ ವ್ಯತ್ಯಾಸದಿಂದ ಮೇಲ್ಮಟ್ಟದ ಗಾಳಿ ಧ್ರುವದತ್ತ ಹೊರಡುತ್ತದೆ. ಭೂಮಿಯ ತಿರುಗುವಿಕೆ ಅದನ್ನು ಪೂರ್ವಕ್ಕೆ ಹೊರಳಿಸುತ್ತದೆ. ಹೀಗೆ ಸುಮಾರು 10 ಕಿ.ಮೀ. ಎತ್ತರದಲ್ಲಿ, ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಹೊಳೆಯೊಂದು ಹರಿಯುತ್ತದೆ. ಇದೇ ಜೆಟ್ ಸ್ಟ್ರೀಮ್.

ಹೊಳೆಯಲ್ಲಿ ದೋಣಿಗೆ ಹುಟ್ಟು ಹಾಕುವವರಿಗೆ ಇದು ಗೊತ್ತಿರುವ ಸಂಗತಿ: ತೋಳಿನ ಬಲ ಅಷ್ಟೇ ಇದ್ದರೂ ಹರಿವಿನ ಜೊತೆ ಬೇಗ ಸಾಗಬಹುದು, ಎದುರು ಹರಿವಿನಲ್ಲಿ ತಡವಾಗುತ್ತದೆ.

ಲೆಕ್ಕ ಹಾಕಿ ನೋಡಿ. ಎರಡು ನಿಲ್ದಾಣಗಳ ನಡುವೆ ಸುಮಾರು 5,540 ಕಿ.ಮೀ. ದೂರ. ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಕಿ.ಮೀ., ಪೂರ್ವಕ್ಕೆ, ಲಂಡನ್‌ನತ್ತ ಬರುವಾಗ ಹಿಂದಿನಿಂದ ಬೀಸುವ ಗಾಳಿ 100 ಕಿ.ಮೀ. ಎಂದುಕೊಂಡರೆ, ನೆಲದ ಲೆಕ್ಕದಲ್ಲಿ ವೇಗ 1,000 ಆಗುತ್ತದೆ. ಎದುರುಗಾಳಿಯಾದರೆ 800ಕ್ಕೆ ಇಳಿಯುತ್ತದೆ. ಇಷ್ಟರಲ್ಲೇ ಸುಮಾರು ಒಂದು ಗಂಟೆ 23 ನಿಮಿಷಗಳ ಅಂತರ!

2020ರ ಫೆಬ್ರವರಿಯಲ್ಲಿ ಚಂಡಮಾರುತದ ಸಮಯದಲ್ಲಿ ಈ ಗಾಳಿ ವಿಪರೀತ ಬಲಗೊಂಡಿದ್ದಾಗ, ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೊಳಗೇ ತಲುಪಿತ್ತು. ಆದ್ದರಿಂದಲೇ ಪೂರ್ವಕ್ಕೆ ಹಾರುವಾಗ ಈ ಗಾಳಿಯನ್ನು ಹಿಡಿಯುವಂತೆ, ಪಶ್ಚಿಮಕ್ಕೆ ಹಾರುವಾಗ ಅದನ್ನು ತಪ್ಪಿಸುವಂತೆ ದಿನದಿನವೂ ಮಾರ್ಗ ಗುರುತಿಸುತ್ತಾರೆ.