ಒಂದು ಸಣ್ಣ ಗೆರೆಯ ಲೆಕ್ಕ

ನಮ್ಮ ಅಕೌಂಟೆನ್ಸಿಯ ‘ಬುಕ್‌ಕೀಪಿಂಗ್’ ಪದವನ್ನು ಇಂಗ್ಲಿಷಿನಲ್ಲಿ ಕೂಡಿಸಿಯೂ ಬರೆಯುತ್ತಾರೆ, ನಡುವೆ ಹೈಫನ್ ಹಾಕಿಯೂ ಬರೆಯುತ್ತಾರೆ. ಯಾವುದು ಸರಿ ಎನ್ನುವ ಮೊದಲು ಆ ಗೆರೆಯ ಕೆಲಸವೇನೆಂದು ನೋಡೋಣ.

ಕನ್ನಡದಲ್ಲಿ ಪದಗಳು ಕೂಡಿದ್ದು ಎಷ್ಟೋ ಸಲ ಕಿವಿಗೇ ತಿಳಿಯುತ್ತದೆ: ಹಿರಿದು, ದಾರಿ ಸೇರಿ ಹೆದ್ದಾರಿ. ಇಂಗ್ಲಿಷಿನಲ್ಲಿ ಅಕ್ಷರ ಹಾಗೆ ಬದಲಾಗುವುದಿಲ್ಲ, ಕಣ್ಣಿಗೆ ಗುರುತು ಬೇಕು. ‘ಲಾಂಗ್-ಟರ್ಮ್ ಲೋನ್’ ಎಂದು ನಾಮಪದಕ್ಕೆ ಮೊದಲು ವಿಶೇಷಣವಾಗಿ ಬಂದರೆ ಗೆರೆ. ‘ಇನ್ ದ ಲಾಂಗ್ ಟರ್ಮ್’ ಎಂದರೆ ಬೇಡ. ‘ಸ್ಮಾಲ್-ಬಿಸಿನೆಸ್ ಓನರ್’ ಎಂದರೆ ವ್ಯಾಪಾರ ಸಣ್ಣದು. ಗೆರೆ ತೆಗೆದರೆ ಮಾಲೀಕರೇ ಕುಳ್ಳಗಿರಬಹುದು!

ಪಾಲುದಾರಿಕೆ ಪತ್ರದಲ್ಲಿ ಇದು ನಗೆಯ ಮಾತಲ್ಲ. ‘ರಿ-ಸೈನ್’ ಎಂದರೆ ಮತ್ತೆ ಸಹಿ ಹಾಕುವುದು. ಗೆರೆ ಬಿಟ್ಟರೆ ಅದೇ ಅಕ್ಷರಗಳು ರಾಜೀನಾಮೆ. ಪಾಲುದಾರ ಉಳಿದನೋ, ಹೋದನೋ?

ಎಲ್ಲ ಕಡೆಯೂ ಅರ್ಥ ಕೆಡುವುದಿಲ್ಲ. ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ‘ಕೋ’ ಆದಮೇಲೆ ಹೈಫನ್ ಇದೆ. 2021ರಲ್ಲಿ ಆರಂಭವಾದ ಕೇಂದ್ರದ ಸಹಕಾರ ಸಚಿವಾಲಯದ ಹೆಸರಿನಲ್ಲಿ ಇಲ್ಲ. ಎರಡೂ ನಡೆಯುತ್ತವೆ. ಆದರೆ ಚಿಕ್ಕದಾಗಿ ‘ಕೋ-ಆಪ್’ ಎಂದು ಬರೆಯುವಾಗ ಗೆರೆ ಬಿಟ್ಟರೆ ‘ಕೂಪ್’ ಎಂದೂ ಓದಬಹುದು, ಅಂದರೆ ಕೋಳಿಗೂಡು.

ಕಾಲ ಕಳೆದಂತೆ ಗೆರೆಗಳು ಉದುರುತ್ತವೆ. 2007ರ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟು ಸುಮಾರು 16,000 ಹೈಫನ್‌ಗಳನ್ನು ತೆಗೆಯಿತು. ‘ಐಸ್ ಕ್ರೀಮ್’ ಎರಡು ಪದವಾಯಿತು, ‘ಪಿಜನ್‌ಹೋಲ್’ ಒಂದಾಯಿತು. ನಮ್ಮ ಮನೆಮಾತು ಉರ್ದುವಿನಲ್ಲೂ ‘ಖೂಬ್‌ಸೂರತ್’ ಅನ್ನು ಕೂಡಿಸಿಯೂ ಬಿಡಿಸಿಯೂ ಬರೆಯುತ್ತಾರೆ.

ಅನುಮಾನ ಬಂದರೆ ನಿಘಂಟು ನೋಡಿ, ಉತ್ತರಪತ್ರಿಕೆಯ ಉದ್ದಕ್ಕೂ ಒಂದೇ ರೂಪ ಬಳಸಿ. ಬುಕ್‌ಕೀಪಿಂಗ್ ಅನ್ನು ನಾನಂತೂ ಕೂಡಿಸಿಯೇ ಬರೆಯುತ್ತೇನೆ: ಎರಡು ಓ, ಎರಡು ಕೆ, ಎರಡು ಇ ಸಾಲಾಗಿ ನಿಲ್ಲುತ್ತವೆ.