ಎಕ್ಸ್-ರೇ ನೋಡಿ ಕಂಪ್ಯೂಟರ್ ಏನಂತು?



ನೀವು ನರೋಡಾ ಜಿಐಡಿಸಿಯ ಕಾರ್ಖಾನೆಯಲ್ಲಿ ದುಡಿಯುವವರೇ? ಮನೆಯಲ್ಲಿ ಯಾರಿಗಾದರೂ ಕೆಮ್ಮು ಎರಡು ವಾರ ದಾಟಿದೆಯೇ? ಹಾಗಾದರೆ ಕೈಯಲ್ಲೇ ಹಿಡಿಯಬಹುದಾದ ಚಿಕ್ಕ ಎಕ್ಸ್-ರೇ ಯಂತ್ರ ಒಂದು ದಿನ ನಿಮ್ಮ ಮುಂದೆಯೂ ಬರಬಹುದು. 2024ರ ಡಿಸೆಂಬರ್ 7ರಂದು ಶುರುವಾದ ಕೇಂದ್ರ ಸರ್ಕಾರದ 100 ದಿನಗಳ ಕ್ಷಯ ಅಭಿಯಾನದಲ್ಲಿ ಇಂಥ ಯಂತ್ರಗಳನ್ನು ಬಳಸಿದರು. ಚಿತ್ರವನ್ನು ಓದಲು ಜೊತೆಗೆ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್. ತಪ್ಪೇನಿಲ್ಲ ಬಿಡಿ. ಎಕ್ಸ್-ರೇ ಓದುವ ತಜ್ಞರು ಎಲ್ಲ ಕಡೆ ಸಿಗುವುದಿಲ್ಲವಲ್ಲ! 15 ವರ್ಷ ತುಂಬಿದವರ ಕ್ಷಯ ತಪಾಸಣೆಗೆ ಇದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ.

ಆದರೆ ಒಂದು ವಿಷಯ ಗಮನಿಸಿ. ಸಾಫ್ಟ್‌ವೇರ್ ಕೊಡುವುದು ಒಂದು ಅಂಕ ಮಾತ್ರ. ಎಷ್ಟು ಅಂಕ ಬಂದರೆ ಕಫ ಪರೀಕ್ಷೆಗೆ ಕಳಿಸಬೇಕು ಎಂಬ ಗೆರೆ ಎಳೆಯುವವರು ಮನುಷ್ಯರೇ. ಗೆರೆ ಕೆಳಗಿಟ್ಟರೆ ಆರೋಗ್ಯವಂತರೂ ದಿನದ ಕೂಲಿ ಬಿಟ್ಟು ಓಡಾಡಬೇಕು. ಮೇಲಿಟ್ಟರೆ ರೋಗಿ ಕೈತಪ್ಪುತ್ತಾನೆ, ಮನೆಮಂದಿಗೂ ಸೋಂಕು ತಗಲಬಹುದು. ಹಿಂದೆ ಕ್ಷಯ ಬಂದು ಹೋದವರ, ವರ್ಷಗಟ್ಟಲೆ ಧೂಳು ಕುಡಿದವರ ಶ್ವಾಸಕೋಶ ನೋಡಿ ಯಂತ್ರ ಗಲಿಬಿಲಿಗೊಳ್ಳುವುದೂ ಉಂಟು. ನ್ಯಾಯ ಅನ್ಯಾಯ ಅಡಗಿರುವುದು ಈ ಗೆರೆಯಲ್ಲೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2023ರಲ್ಲಿ ಇದಕ್ಕೆಂದೇ ನೈತಿಕ ಮಾರ್ಗಸೂಚಿ ತಂದಿತು. ಹತ್ತು ತತ್ವಗಳಿವೆ, ಎಲ್ಲವೂ ಇಲ್ಲಿ ಬೇಡ. ನಮಗೆ ಮುಖ್ಯವಾದದ್ದು ರೋಗಿಯ ಸ್ವಾತಂತ್ರ್ಯ. ಕೃತಕ ಬುದ್ಧಿಮತ್ತೆ ಬಳಸುತ್ತಿದ್ದರೆ ತಿಳಿಸಬೇಕು, ಒಪ್ಪಿಗೆ ಕೇಳಬೇಕು, ಬೇಡ ಎಂದರೆ ಒಪ್ಪಬೇಕು.

ಒಪ್ಪಿಗೆ ಯಾವ ಭಾಷೆಯಲ್ಲಿ? ಅಂಗಡಿಯಲ್ಲಿ, ಬಸ್ಸಿನಲ್ಲಿ ನಾವು ಗುಜರಾತಿ ಚೆನ್ನಾಗಿಯೇ ಆಡುತ್ತೇವೆ. ಆದರೆ ಊರಿನಿಂದ ಬಂದ ಅತ್ತೆ ಮಾವನ ಕೈಯಲ್ಲಿ ಗುಜರಾತಿ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆಯೇ? ಜೊತೆಗೆ ಹೋಗಿ, ಕನ್ನಡದಲ್ಲಿ ತಿಳಿಸಿ ಹೇಳಿ. ಅಲ್ಲಿದ್ದವರನ್ನು ಕೇಳಿ: ಚಿತ್ರವನ್ನು ಡಾಕ್ಟರೂ ನೋಡುತ್ತಾರೆಯೇ? ಆಮೇಲೆ ಅದು ಎಲ್ಲಿರುತ್ತದೆ? ಕಾರ್ಖಾನೆ ಮಾಲೀಕರಿಗೆ ವರದಿ ಹೋಗುತ್ತದೆಯೇ? ಕೊನೆಯದು ಹೊಟ್ಟೆಪಾಡಿನ ಪ್ರಶ್ನೆ, ಸಂಕೋಚ ಬೇಡ.

ಅಂಕ ಹೆಚ್ಚು ಬಂತೆಂದು ಹೆದರಬೇಡಿ, ಅಷ್ಟರಿಂದಲೇ ರೋಗ ಖಚಿತವಾಗುವುದಿಲ್ಲ. ಅಂಕ ಕಡಿಮೆ ಬಂದರೂ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಕ್ಷಯವೆಂದು ಖಚಿತವಾದವರಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಸಿಗುವ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟುಕೊಂಡು ಹೋಗಿ.