ಟ್ರಿಗರ್ ಎಳೆದರೂ ಗುಂಡು ಹಾರಲಿಲ್ವಾ? ಮೊದಲು 30 ಸೆಕೆಂಡ್ ಅಲುಗಾಡಬೇಡಿ

ಮಡಿಕೇರಿ: ನಾಟಿ ಕೆಲಸ ಮುಗಿದು ಕೈಲ್ ಪೊಳ್ದ್ ಬಂತೆಂದರೆ ಮನೆಮನೆಯಲ್ಲೂ ಕೋವಿ ಹೊರಗೆ ಬರುತ್ತದೆ. ಒರೆಸಿ, ತೋಕ್ ಪೂ ಇಟ್ಟು ಪೂಜೆ ಮಾಡಿ, ಆಮೇಲೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆ, ಥಂಡಿ ಎಲ್ಲ ಕುಡಿದ ಕೋವಿ, ತೋಟಾ ಅವತ್ತು ಕೈಕೊಡುವುದು ಜಾಸ್ತಿ. ಟಕ್ ಅಂತ ಶಬ್ದ ಬರುತ್ತೆ, ಗುಂಡು ಮಾತ್ರ ಹಾರಲ್ಲ.

ಆಗ ಹೆಚ್ಚಿನವರು ಮಾಡುವುದೇನು? ಕೋವಿ ತಿರುಗಿಸಿ ನೋಡ್ತಾರೆ, ಇಲ್ಲಾಂದ್ರೆ ತಕ್ಷಣ ಬೋಲ್ಟ್ ಎಳೀತಾರೆ. ಎರಡೂ ತಪ್ಪು. ಒಳಗಿನ ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ಈ ತಡ ಸೆಕೆಂಡಿಗೂ ಕಮ್ಮಿ, ಆದರೆ ಅದನ್ನೇ ನಂಬಿಕೊಂಡು ಕೂರುವಂತಿಲ್ಲ. ನಳಿಗೆ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ. ಒಂದು ನಿಮಿಷ ಕಾಯಿಸುವ ರೇಂಜ್‌ಗಳೂ ಇವೆ. ಆಮೇಲೆ ಮುಖ ಪಕ್ಕಕ್ಕೆ ಇಟ್ಟುಕೊಂಡು ನಿಧಾನಕ್ಕೆ ಬೋಲ್ಟ್ ತೆಗೆಯಿರಿ. ಸಾವಿನ ಮನೆ ಅಂಗಳದಲ್ಲಿ ಗುಂಡು ಹಾರಿಸುವವರು ಇದನ್ನು ಇನ್ನೂ ಜಾಸ್ತಿ ನೆನಪಿಟ್ಟುಕೊಳ್ಳಬೇಕು. ಅಲ್ಲಿ ಸುತ್ತ ಜನ ಇರ್ತಾರೆ, ಹಾರದ ಕೋವಿಯನ್ನು ಮುಜುಗರಕ್ಕೆ ಬೇಗ ಕೆಳಗಿಳಿಸುವುದೇ ಅಪಾಯ.

ತೋಟಾ ಹೊರಬಂದ ಮೇಲೆ ಅದರ ಹಿಂಬದಿ ನೋಡಿ. ಅರ್ಧ ಉತ್ತರ ಅಲ್ಲೇ ಇದೆ. ನಮ್ಮಲ್ಲಿ ಸ್ಪರ್ಧೆಗೆ ಬಳಸುವ .22 ರೈಫಲ್‌ನ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಹಿಂಬದಿ ಅಂಚಿನ ಮಡಿಕೆಯೊಳಗೆ ಇರುತ್ತದೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಬೇಕು. ಗುರುತು ಆಳವಾಗಿ, ಸ್ಪಷ್ಟವಾಗಿ ಬಿದ್ದಿದ್ದರೆ ಕೋವಿ ತನ್ನ ಕೆಲಸ ಮಾಡಿದೆ, ತಪ್ಪು ತೋಟಾದ್ದು. ಪಿನ್ ಬಡಿದ ಜಾಗದಲ್ಲಿ ಮದ್ದು ಸರಿಯಾಗಿ ಹರಡಿಲ್ಲ, ಅಥವಾ ಥಂಡಿ, ಎಣ್ಣೆ ಒಳಗೆ ಇಳಿದಿದೆ. ಅದೇ ತೋಟಾವನ್ನು ಸ್ವಲ್ಪ ತಿರುಗಿಸಿ ಹಾಕಿದರೆ ಒಮ್ಮೊಮ್ಮೆ ಹಾರುವುದು ಇದೇ ಕಾರಣಕ್ಕೆ.

ಗುರುತು ತೆಳ್ಳಗೆ ಬಿದ್ದಿದ್ದರೆ ಕೋವಿಯನ್ನೇ ಅನುಮಾನಿಸಬೇಕು. ಬೋಲ್ಟ್ ಹಿಡಿ ಪೂರ್ತಿ ಕೆಳಗೆ ಕೂತಿಲ್ಲದಿರಬಹುದು. ಸ್ಪ್ರಿಂಗ್ ಸಡಿಲಾಗಿರಬಹುದು, ಪಿನ್ ತುದಿ ಸವೆದಿರಬಹುದು. ನಮ್ಮ ಕಡೆ ಜಾಸ್ತಿ ಆಗುವುದು ಮಾತ್ರ ಬೇರೆ: ತುಕ್ಕು ಹಿಡಿಯಬಾರದು ಅಂತ ಮಳೆಗಾಲಕ್ಕೆ ಮುಂಚೆ ಧಾರಾಳವಾಗಿ ಎಣ್ಣೆ ಸುರೀತಾರೆ. ಅದು ಬೋಲ್ಟ್ ಒಳಗೆ ಧೂಳು, ಮಸಿ ಜೊತೆ ಸೇರಿ ಅಂಟಾಗಿ ಪಿನ್‌ನ ವೇಗ ಕಮ್ಮಿ ಮಾಡುತ್ತದೆ. ಹಳೇ ಎಣ್ಣೆ ತೊಳೆದು, ಒಣಗಿಸಿ, ತೆಳುವಾಗಿ ಒರೆಸಿದರೆ ಸಾಕು.

ಇನ್ನೊಂದು ವಿಚಿತ್ರ ಇದೆ. ಮೊದಲ ಸಲ ಹಾರದ ತೋಟಾ ಅಲ್ಲಾಡಿಸದೆ ಎರಡನೇ ಸಲ ಹೊಡೆದಾಗ ಹಾರುತ್ತದೆ. ಚೇಂಬರ್‌ನಲ್ಲಿ ಮಸಿ ಕಟ್ಟಿ ತೋಟಾ ಪೂರ್ತಿ ಒಳಗೆ ಕೂತಿರಲ್ಲ, ಮೊದಲ ಏಟು ಅದನ್ನು ತಳ್ಳುವುದರಲ್ಲೇ ಖರ್ಚಾಗುತ್ತದೆ. ಹೀಗೆ ಪದೇಪದೇ ಆದರೆ ಚೇಂಬರ್‌ಗೆ ಬ್ರಷ್ ಹಾಕಿ.

ಎಲ್ಲಕ್ಕಿಂತ ಅಪಾಯ ಹಾರದ ಗುಂಡಲ್ಲ, ಅರ್ಧ ಹಾರಿದ ಗುಂಡು. ಢಂ ಅನ್ನುವ ಬದಲು ಪುಸ್ ಅಂತ ಶಬ್ದ ಬಂದು, ಭುಜಕ್ಕೆ ಒದೆತ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಸೀಸ ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತೆ, ಸಿಡಿಯಲೂಬಹುದು. ಕಾದು, ತೋಟಾ ಖಾಲಿ ಮಾಡಿ, ಬೋಲ್ಟ್ ಪೂರ್ತಿ ಕಳಚಿ, ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತದಾ ನೋಡಿ. ಕಾಣದಿದ್ದರೆ ಕೋವಿ ರಿಪೇರಿಯವರ ಕೈಗೆ ಕೊಡಿ.

12 ಬೋರ್‌ನ ಹಳೇ ಕಾಗದದ ತೋಟಾ ಇಟ್ಟುಕೊಂಡವರು ಈಗಲೂ ಇದ್ದಾರೆ. ಥಂಡಿಗೆ ಅದು ಊದಿಕೊಂಡು ಚೇಂಬರ್‌ಗೇ ಇಳಿಯಲ್ಲ. ಒತ್ತಿ ತುರುಕಬೇಡಿ. ತೋಟಾ ಒಣಗಲಿ ಅಂತ ಒಲೆ ಮೇಲಿನ ಅಟ್ಟದಲ್ಲಿ ಇಡುವುದೂ ಬೇಡ, ಶಾಖಕ್ಕೆ ಮದ್ದು ಕೆಡುತ್ತದೆ. ಗಾಳಿಯಾಡದ ಡಬ್ಬಿ, ಬೀಗ ಹಾಕಿದ ತಂಪು ಜಾಗ ಸರಿ.

ಹಾರದ ತೋಟಾವನ್ನು ಬಿಚ್ಚಬೇಡಿ, ಕಸದ ಜೊತೆ ಸುಡಬೇಡಿ. ಬೇರೆ ಡಬ್ಬಿಯಲ್ಲಿ ಹಾಕಿಟ್ಟು ಪರವಾನಗಿ ಇರುವ ಮದ್ದುಗುಂಡು ಅಂಗಡಿಯವರನ್ನೋ ಠಾಣೆಯನ್ನೋ ಕೇಳಿ. ಬೇಟೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಹಾಗಾಗಿ ತೋಟಾ ಸರಿ ಇದೆಯಾ ಅಂತ ಕಾಡಂಚಿಗೆ ಹೋಗಿ ಪರೀಕ್ಷೆ ಮಾಡುವ ಯೋಚನೆ ಬಿಟ್ಟುಬಿಡಿ.